ಹೋಮ್ ಥಿಯೇಟರ್ ಕೋಣೆಯಲ್ಲಿ ತೇಲುವ ಧೂಳು

ಪ್ರಶ್ನೆ: ಪ್ರೊಜೆಕ್ಟರ್ ಹಾಕಿದೊಡನೆ ಬೆಳಕಿನ ಕಿರಣದಲ್ಲಿ ಧೂಳಿನ ಕಣಗಳು ಎದ್ದು ಕಾಣುತ್ತವೆ. ನೆಲಕ್ಕೆ ದಪ್ಪ ಕಾರ್ಪೆಟ್ ಇದ್ದು, ದಿನವೂ ಗುಡಿಸಿದರೂ ಪ್ರಯೋಜನವಾಗಿಲ್ಲ. ಪರಿಹಾರವೇನು?

ಉತ್ತರ 1: ಮೊದಲು ಗುಡಿಸುವುದನ್ನು ನಿಲ್ಲಿಸಿ. ಪೊರಕೆ ಎಬ್ಬಿಸಿದ ಸೂಕ್ಷ್ಮ ಕಣಗಳು ಮತ್ತೆ ಕೆಳಗಿಳಿಯಲು ಗಂಟೆಗಳೇ ಬೇಕಾಗುವುದರಿಂದ, ಹೆಪಾ ಫಿಲ್ಟರ್ (ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಶೋಧಕ) ಇರುವ ವ್ಯಾಕ್ಯೂಮ್ ಕ್ಲೀನರ್‌ನಿಂದ ಕಾರ್ಪೆಟ್, ಸೋಫಾ, ಪರದೆಗಳನ್ನು ಶುಚಿಗೊಳಿಸಿ, ಉಳಿದೆಡೆ ಒದ್ದೆ ಬಟ್ಟೆಯಿಂದ ಒರೆಸುವುದು ಸೂಕ್ತ. ನನ್ನ ಮಟ್ಟಿಗೆ ಕಾರ್ಪೆಟ್ಟೇ ಮುಖ್ಯ ಅಪರಾಧಿ. ಆದರೆ ಅದನ್ನು ತೆಗೆದರೆ ಧ್ವನಿ ಪ್ರತಿಧ್ವನಿಸುತ್ತದೆ.

ಉತ್ತರ 2: 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುವ ಹೆಪಾ ಏರ್ ಪ್ಯೂರಿಫೈಯರನ್ನು ಚಿತ್ರಕ್ಕೆ ಮುನ್ನ ಪೂರ್ಣ ವೇಗದಲ್ಲಿ ನಡೆಸಿ, ಚಿತ್ರ ಆರಂಭವಾದ ಮೇಲೆ ಸದ್ದು ಕೇಳಿಸದಷ್ಟು ತಗ್ಗಿಸಿ.

ಉತ್ತರ 3: ಪ್ರೊಜೆಕ್ಟರಿನಲ್ಲಿ ಗಾಳಿ ಫಿಲ್ಟರ್ ಇದ್ದರೆ ಅದನ್ನೂ ಶುಚಿಗೊಳಿಸಿ, ಅದು ಕಟ್ಟಿಕೊಂಡರೆ ಯಂತ್ರ ಬಿಸಿಯಾಗುತ್ತದೆ.