ಏಲಕ್ಕಿ ಕೊರೆಯುವ ಹುಳು ಹರಳು ಗಿಡದಿಂದ ಬರುತ್ತಾ?

ಪ್ರಶ್ನೆ (ಬೆಳೆಗಾರ, ಸಕಲೇಶಪುರ ಕಡೆ): ನಮಸ್ಕಾರ ಮೇಡಂ. ನಮ್ಮ ಏಲಕ್ಕಿಯಲ್ಲಿ ಅಲ್ಲಲ್ಲಿ ಸುಳಿ ಒಣಗುತ್ತಿದೆ. ಎಳೆ ಕಾಯಿಗಳಲ್ಲಿ ತೂತು, ಒಡೆದು ನೋಡಿದರೆ ಒಳಗೆ ಬೀಜವೇ ಇಲ್ಲ. ಬೇಲಿ ಪಕ್ಕದ ಹರಳು ಗಿಡದ ಕಾಯಲ್ಲೂ ಇದೇ ಥರ ಹುಳು. ಹಾರುವ ಚಿಟ್ಟೆಯೂ ಒಂದೇ ಥರ ಕಾಣುತ್ತೆ, ಹಳದಿ ಮೈ, ಕಪ್ಪು ಚುಕ್ಕೆ. ಹರಳು ಕಡಿದು ಹಾಕಿ ಅಂತ ಪಕ್ಕದ ತೋಟದವರು ಹೇಳುತ್ತಿದ್ದಾರೆ. ಕಡೀಬೇಕಾ?

ಉತ್ತರ (ಕೃಷಿ ಕೀಟತಜ್ಞೆ): ಏಲಕ್ಕಿ ಉಳಿಸೋಕೆ ಅಂತಾದರೆ ಬೇಡ, ಸುಮ್ನೆ ಆಳಿನ ಕೂಲಿ ದಂಡ. ಎರಡೂ ಕೊನೊಗೆಥಿಸ್ ಎಂಬ ಒಂದೇ ಕುಲದ ಪತಂಗಗಳು, ಆದರೆ ಜಾತಿ ಬೇರೆ. ಹರಳು ಕಾಯಿಗೆ ಬೀಳುವುದು ಕೊನೊಗೆಥಿಸ್ ಪಂಕ್ಟಿಫೆರಾಲಿಸ್. ಇದಕ್ಕೆ ಹೆಸರು ಬಿದ್ದದ್ದು 1854ರಲ್ಲೇ. ಇದು ಸೀಬೆ, ದಾಳಿಂಬೆಯನ್ನೂ ಬಿಡುವುದಿಲ್ಲ. ಏಲಕ್ಕಿಯದ್ದೂ ಅದೇ ಅಂತ ತುಂಬಾ ಕಾಲ ಎಲ್ಲರೂ ಬರೆದರು. ಆಮೇಲೆ 2018ರಲ್ಲಿ ಪಶ್ಚಿಮ ಘಟ್ಟದ ಏಲಕ್ಕಿ ಹುಳುವನ್ನು ಕೊನೊಗೆಥಿಸ್ ಸಹ್ಯಾದ್ರಿಯೆನ್ಸಿಸ್ ಎಂದು ಬೇರೆ ಜಾತಿಯಾಗಿ ಗುರುತಿಸಿದರು. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಹಾಗಾಗಿ ನಿಮ್ಮ ಪಕ್ಕದವರ ಅನುಮಾನವೂ ಸಹಜವೇ.

ಕಡಿಯೋದಾದರೆ ಹುಳು ಬಿದ್ದ ಏಲಕ್ಕಿ ದಂಟನ್ನೇ ಕಡಿಯಿರಿ. ದಂಟಿನ ಮೇಲೆ ತೂತು ಹುಡುಕಿ. ತೂತಿನ ಬಾಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ಒದ್ದೆಯಾಗಿ ಅಂಟಿಕೊಂಡಿದ್ದರೆ ಹುಳು ಒಳಗೇ ಇದೆ. ಸೀಳಿ ನೋಡಿ. ತಿಳಿ ಮೈ, ಬೆನ್ನಿಗೆ ನಸುಗೆಂಪು ಛಾಯೆ, ಮೈಮೇಲೆ ಸಣ್ಣ ಸಣ್ಣ ಗಂಟು, ಗಂಟಿನಿಂದ ಒಂದೊಂದು ಕೂದಲು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಬಾಧೆ ನೂರಕ್ಕೆ 10 ದಂಟಿಗಿಂತ ಕಡಿಮೆ ಇದ್ದಾಗ, ಹೀಗೆ ಕಡಿದು ನಾಶ ಮಾಡಿದರೆ ಹಿಡಿತಕ್ಕೆ ಬರುತ್ತದೆ.

ಪ್ರಶ್ನೆ (ಅದೇ ಬೆಳೆಗಾರ): ಔಷಧಿ ಹೊಡೆದಿದ್ದೆ ಮೇಡಂ, ಏನೂ ಆಗಲಿಲ್ಲ.

ಉತ್ತರ: ಹೊಡೆದ ಹೊತ್ತು ತಡವಾಗಿರಬೇಕು. ಮೊಟ್ಟೆಯೊಡೆದ ಮರಿಹುಳು ಮೊದಲು ಸುಳಿ, ಗೊಂಚಲು, ಎಳೆ ಕಾಯಿ ಕೊರೆಯುತ್ತದೆ. ಬಲಿತ ಮೇಲೆ ದಂಟಿನೊಳಗೆ ಹೋಗುತ್ತದೆ. ಅಲ್ಲಿಗೆ ಯಾವ ಸಿಂಪಡಣೆಯೂ ಮುಟ್ಟಲ್ಲ. ಸುಳಿ ಒಣಗಿದ್ದು ಕಂಡ ಮೇಲೆ ಕ್ಯಾನ್ ಎತ್ತಿಕೊಂಡರೆ ದುಡ್ಡು ಮಣ್ಣುಪಾಲು. ಎಲೆಯ ಅಡಿಯಲ್ಲಿ ಪತಂಗ ಕೂತಿದ್ದು ಕಂಡ ದಿನದಿಂದ ಲೆಕ್ಕ ಹಾಕಿ, 15-20 ದಿನದೊಳಗೆ ಹೊಡೆಯಬೇಕು. ಕೈಬಲೆಯಲ್ಲಿ ಪತಂಗ ಹಿಡಿದು ಕೊಂದರೂ ಉಪಯೋಗ ಉಂಟು.

ಹೂವಿದ್ದಾಗ ಬೆಳಗ್ಗೆ ಹೊಡೆಯಲೇಬೇಡಿ. ಜೇನು ಬರುವ ಹೊತ್ತು ಅದು. ಜೇನಿಲ್ಲದಿದ್ದರೆ ಏಲಕ್ಕಿಯಲ್ಲಿ ಕಾಯಿ ಎಲ್ಲಿಂದ ಬರಬೇಕು? ಯಾವ ಔಷಧಿ, ಎಷ್ಟು ಅಂತ ಸಾಂಬಾರ ಮಂಡಳಿಯ ಸಕಲೇಶಪುರ ಕೇಂದ್ರದಲ್ಲೇ ಕೇಳಿ, ಅಂಗಡಿಯವರ ಮಾತಿಗೆ ಎರಡು ಮೂರು ಬೆರೆಸಬೇಡಿ. ಔಷಧಿ ಅಂಶ ಉಳಿದಿದೆ ಅಂತ ಸೌದಿ ಅರೇಬಿಯಾ ನಮ್ಮ ಏಲಕ್ಕಿಯನ್ನು ವಾಪಸ್ ಕಳಿಸಿದ್ದೂ ಇದೆ.

ಪ್ರಶ್ನೆ (ಮೂಡಿಗೆರೆಯಿಂದ ಇನ್ನೊಬ್ಬರು): ನಮ್ಮಲ್ಲಿ ಕಾಯಿ ಸಿಪ್ಪೆ ಮೇಲೆ ಕಜ್ಜಿ ಥರ ಇದೆ. ಇದೂ ಕೊರಕ ಹುಳುವಾ ಮೇಡಂ?

ಉತ್ತರ: ತೂತಿಲ್ಲ, ಬರೀ ಕಜ್ಜಿ ಅಂದರೆ ಅದು ಥ್ರಿಪ್ಸ್ ಎಂಬ ಪುಟ್ಟ ರಸ ಹೀರುವ ಕೀಟ. ಅದರ ಕಥೆಯೇ ಬೇರೆ, ಕಾಯಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಅಂದ ಹಾಗೆ, ಅಲ್ಲಿ ಪಕ್ಕದಲ್ಲೇ ಶುಂಠಿ ಹಾಕಿದ್ದೀರಾ? ಶುಂಠಿ, ಅರಿಶಿನದ ಸುಳಿಗೂ ಕೊನೊಗೆಥಿಸ್ ಬೀಳುತ್ತದೆ. ಹರಳಿನ ಬದಲು ಅದರ ಕಡೆ ಒಂದು ಕಣ್ಣಿಡಿ.

ಮೊದಲ ಬೆಳೆಗಾರ: ಹಾಗಾದ್ರೆ ಹರಳು ಇರಲಿ. ನಾಳೆ ದಂಟು ಕಡಿಸ್ತೀನಿ. ಕಡಿದದ್ದನ್ನ ಗೊಬ್ಬರದ ಗುಂಡಿಗೆ ಹಾಕಬಹುದಾ?

ಉತ್ತರ: ಹಾಗೇ ಹಾಕಬೇಡಿ, ಒಳಗೆ ಹುಳು ಕೋಶ (ಪ್ಯೂಪಾ) ಆಗಿ, ಅದರಿಂದ ಪತಂಗ ಹೊರಬರುತ್ತೆ. ಸೀಳಿ ಹುಳು ಕೊಂದು ಆಮೇಲೆ ಹಾಕಿ.