ಕೋವಿಯ ದೋಷವೋ, ಸಮಾಜದ ದೋಷವೋ? ಅಮೆರಿಕದ ವಾದಕ್ಕೆ ಕೊಡಗು ಉತ್ತರವಾಗಬಲ್ಲದೇ?

ಪ್ರಶ್ನೆ: ಮೈಸೂರಿನ ಓದುಗ

ಅಮೆರಿಕದ ಶಾಲೆಗಳಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ಅದೇ ಚರ್ಚೆ ಮತ್ತೆ ಏಳುತ್ತದೆ. 2012ರಲ್ಲಿ ಸ್ಯಾಂಡಿ ಹುಕ್‌ನಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ, 2022ರಲ್ಲಿ ಯುವಾಲ್ಡಿಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದಾಗ ಕೆಲವರು ಬಂದೂಕು ಮಾರಾಟಕ್ಕೆ ಕಡಿವಾಣ ಬೇಕೆಂದರು. ಉಳಿದವರು ಒಡೆದ ಸಂಸಾರ, ಒಂಟಿತನ, ಮನೋರೋಗಗಳೇ ಮೂಲವೆಂದರು. ಎರಡನೆಯ ಪಕ್ಷ ಹಿಡಿದಿರುವ ನನ್ನ ಗೆಳೆಯರೊಬ್ಬರು ನಮ್ಮ ಕೊಡಗನ್ನೇ ಸಾಕ್ಷಿಗೆ ಕರೆಯುತ್ತಾರೆ. ಅಲ್ಲಿ ಪರವಾನಗಿಯ ಗೊಡವೆಯಿಲ್ಲದೆ ಮನೆಗಳಲ್ಲಿ ಕೋವಿಯಿದ್ದರೂ ಶಾಲೆಗಳಲ್ಲಿ ರಕ್ತ ಹರಿಯುತ್ತಿಲ್ಲವಾದ್ದರಿಂದ ದೋಷ ಆಯುಧದ್ದಲ್ಲ ಎಂಬುದು ಅವರ ತರ್ಕ. ಇದು ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಉತ್ತರ: ಗೋಣಿಕೊಪ್ಪದ ಕಾಫಿ ಬೆಳೆಗಾರ

ತಮ್ಮ ಗೆಳೆಯರು ಅರ್ಧ ಮಾತ್ರ ಹೇಳಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ನಿಯಮದಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ಬಂದ ಇದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ವಿನಾಯಿತಿಯೆಂದರೆ ಲೆಕ್ಕಕ್ಕೆ ಸಿಗದ ಕೋವಿ ಎಂದರ್ಥವಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಲೇಬೇಕು. ಯುವಾಲ್ಡಿಯ ಹಂತಕ 18 ತುಂಬಿದ ಕೆಲವೇ ದಿನಗಳಲ್ಲಿ ಅಂಗಡಿಯಿಂದ ಸೈನಿಕ ಮಾದರಿಯ ಎರಡು ರೈಫಲ್‌ಗಳನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ. ನಮ್ಮ ಮನೆಯಲ್ಲಿರುವುದು ಅಜ್ಜನ ಕಾಲದ ಜೋಡಿನಳಿಗೆ ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಪದ್ಧತಿ. ಕೈಲ್‌ಪೊಳ್ದಿನಂದು (ನಮ್ಮ ಆಯುಧಪೂಜೆಯ ಹಬ್ಬ) ಅದಕ್ಕೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತೇವೆ. ಮಿಕ್ಕ ದಿನಗಳಲ್ಲಿ ಅದನ್ನು ಯಾರು ಮುಟ್ಟಿದರೂ ಹಿರಿಯರಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಕಟ್ಟುಪಾಡಿದ್ದರೂ ಆಸ್ತಿಯ ಜಗಳದಲ್ಲೋ ಕುಡಿತದ ಅಮಲಿನಲ್ಲೋ ಸ್ವಂತದವರ ಮೇಲೆಯೇ ಗುಂಡು ಹಾರಿಸಿದ ಸುದ್ದಿ ನಮ್ಮ ಜಿಲ್ಲೆಯಿಂದಲೂ ಬರುತ್ತದೆ. ಹಬ್ಬದ ಭಾಷಣಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ, ಅಷ್ಟೇ.

ಉತ್ತರ: ಡಲ್ಲಾಸ್‌ನ ಕನ್ನಡತಿ

ಮಗಳನ್ನು ಗೆಳತಿಯ ಮನೆಗೆ ಆಟಕ್ಕೆ ಕಳುಹಿಸುವ ಮುನ್ನ, ಮನೆಯಲ್ಲಿ ಬಂದೂಕಿದೆಯೇ, ಇದ್ದರೆ ಬೀಗ ಹಾಕಿಟ್ಟಿದ್ದೀರಾ ಎಂದು ಆ ತಾಯಿಯನ್ನು ಕೇಳುವುದು ನನಗೀಗ ರೂಢಿಯಾಗಿದೆ. ಇಲ್ಲಿ ಯಾರೂ ಅದಕ್ಕೆ ಬೇಸರಿಸಿಕೊಳ್ಳುವುದಿಲ್ಲ. ಒಂಟಿತನವೂ ಮನೋರೋಗವೂ ಜಪಾನಿನಲ್ಲಿವೆ, ಇಂಗ್ಲೆಂಡಿನಲ್ಲಿವೆ. ಅಲ್ಲಿ ಇಲ್ಲದ್ದು ಅಮೆರಿಕದ ನಾಗರಿಕರ ಕೈಯಲ್ಲಿರುವ ಸುಮಾರು 39 ಕೋಟಿ ಬಂದೂಕುಗಳು, ಅಂದರೆ ಜನಸಂಖ್ಯೆಗಿಂತ ಹೆಚ್ಚು (ಇದು 2017ರ ಅಂದಾಜು). ಸಾಮಾಜಿಕ ಕಾರಣಗಳನ್ನು ಹುಡುಕಿರೆಂದು ಉಪದೇಶಿಸುವ ರಾಜಕಾರಣಿಗಳ ಮಾತನ್ನು ನಾನು ಅನುಮಾನದಿಂದಲೇ ಕೇಳುತ್ತೇನೆ. ಇದೇ ಅಮೆರಿಕದ ಸಂಸತ್ತು 1996ರಲ್ಲಿ ಹಾಕಿದ ಷರತ್ತೊಂದರಿಂದ ಬಂದೂಕು ಹಿಂಸೆಯ ಕಾರಣಗಳನ್ನು ಶೋಧಿಸಲು ರೋಗ ನಿಯಂತ್ರಣ ಕೇಂದ್ರಕ್ಕೆ ಸಿಗಬೇಕಾದ ಹಣ ಎರಡು ದಶಕಕ್ಕೂ ಹೆಚ್ಚು ಕಾಲ ಬತ್ತಿಹೋಗಿತ್ತು.

ಉತ್ತರ: ಹುಬ್ಬಳ್ಳಿಯ ವೈದ್ಯ

ಚರ್ಚೆಯೆಲ್ಲ ಕೊಲೆಯ ಸುತ್ತಲೇ ನಡೆಯುತ್ತಿದೆ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತ 48,000ಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಅಧಿಕ ಮಂದಿಯದು ಆತ್ಮಹತ್ಯೆ. ಸಾಯುವ ನಿರ್ಧಾರ ಎಷ್ಟೋ ಬಾರಿ ಒಂದು ಗಳಿಗೆಯ ಆವೇಗ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಬದುಕುಳಿಯುವುದು ನಿಂತಿದೆ. ನಮ್ಮ ಕಡೆಯ ರೈತ ಕುಟುಂಬಗಳಲ್ಲಿ ಬಂದೂಕಿನ ಸ್ಥಾನದಲ್ಲಿ ಕ್ರಿಮಿನಾಶಕವಿದೆ. ಶ್ರೀಲಂಕಾ ಅತಿ ವಿಷಕಾರಿ ಕ್ರಿಮಿನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ, 1990ರ ದಶಕದ ನಡುವಿನಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಳ್ಳಿಗಳ ಬಡತನವಾಗಲಿ ಕುಡಿತವಾಗಲಿ ಆ ಹೊತ್ತಿಗೆ ಮಾಯವಾಗಿರಲಿಲ್ಲ, ಅಲ್ಲಿನ ಅಂತರ್ಯುದ್ಧವೂ ಬಹುಕಾಲ ಮುಂದುವರಿದಿತ್ತು. ಸಾಲ, ಬರ, ಬೆಳೆಯ ಬೆಲೆಗಳನ್ನು ಸರಿಪಡಿಸುವ ಕೆಲಸ ಆಗಲೇಬೇಕು. ಅದಾಗುವವರೆಗೆ ಡಬ್ಬಿಯನ್ನು ಅಟ್ಟದ ಮೇಲೆ ಇರಗೊಡಬೇಕೆಂದೇನೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಉತ್ತರಗಳಿಗಾಗಿ ಆಭಾರಿ. ಒಂದು ಸಂದೇಹ ಉಳಿದಿದೆ. 2015ರಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಗೌರಿ ಲಂಕೇಶ್ ಹತ್ಯೆಯಾದದ್ದು ನಾಡ ಪಿಸ್ತೂಲಿನಿಂದ ಎಂದು ತನಿಖೆಯಲ್ಲಿ ಕಂಡುಬಂತು. ಕಳ್ಳದಾರಿಯಲ್ಲಿ ಬರುವ ಇಂಥ ಆಯುಧವನ್ನು ಪರವಾನಗಿಯ ಕಾನೂನು ಹೇಗೆ ತಡೆದೀತು?

ಉತ್ತರ: ಧಾರವಾಡದ ವಕೀಲ

ಅದು ಪೂರ್ತಿಯಾಗಿ ತಡೆಯಲಾರದು. ಸಂಚು ಹೂಡಿ ಕೊಲ್ಲುವವರಿಗೆ ಪೊಲೀಸ್ ಬೇಹು, ಅಕ್ರಮ ಕಾರ್ಖಾನೆಗಳ ಮೇಲಿನ ದಾಳಿ, ಆ ದ್ವೇಷವನ್ನು ಬೆಳೆಸುವವರ ವಿಚಾರಣೆ ಬೇಕು. ಪರವಾನಗಿಯ ಕಾನೂನು ಮುಖ್ಯವಾಗಿ ತಡೆಯುವುದು ಸಂಚಿಲ್ಲದ ಕೊಲೆಗಳನ್ನು: ಗಂಡ ಹೆಂಡತಿಯ ಮೇಲೆ, ಅಣ್ಣ ತಮ್ಮನ ಮೇಲೆ ಸಿಟ್ಟಿನಲ್ಲಿ ಎತ್ತುವ ಕೋವಿಯನ್ನು. ಹೆಂಡತಿಗೋ ಸಂಗಾತಿಗೋ ಅಪಾಯಕಾರಿಯೆಂದು ನ್ಯಾಯಾಲಯ ನಿರ್ಬಂಧಿಸಿದವನು ಬಂದೂಕು ಇಟ್ಟುಕೊಳ್ಳಬಾರದೆಂಬ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ 8-1ರ ಬಹುಮತದಿಂದ ಎತ್ತಿಹಿಡಿದದ್ದು ಇದೇ ಕಾರಣಕ್ಕೆ ಮಹತ್ವದ್ದು. ಯುವಾಲ್ಡಿಯ ಘಟನೆಯಾದ ಸುಮಾರು ಒಂದು ತಿಂಗಳಲ್ಲಿ ಅಲ್ಲಿ ಬಂದ ಕಾಯ್ದೆಯನ್ನೂ ತಮ್ಮ ಗೆಳೆಯರಿಗೆ ತೋರಿಸಿರಿ. 21ರ ಒಳಗಿನವರು ಬಂದೂಕು ಕೊಳ್ಳುವಾಗ ಹೆಚ್ಚಿನ ತಪಾಸಣೆಯನ್ನೂ, ಶಾಲೆಗಳಲ್ಲಿ ಮಾನಸಿಕ ಆರೋಗ್ಯ ಸೇವೆಗೆ ಹಣವನ್ನೂ ಆ ಒಂದೇ ಕಾಯ್ದೆ ಒದಗಿಸಿತು, ಅದಕ್ಕೆ ಎರಡೂ ಪಕ್ಷಗಳ ಸದಸ್ಯರು ಮತ ಹಾಕಿದರು.