ಗ್ರಾಸ್‌ಹಾಪರ್‌ನಲ್ಲಿ ಷಟ್ಕೋನ ಮುಚ್ಚುತ್ತಿಲ್ಲ, ನೀವು ಹೇಗೆ ಸರಿ ಮಾಡಿಕೊಂಡಿರಿ?

ಕೇಳಿದವರು: ಗ್ರಾಸ್‌ಹಾಪರ್‌ನಲ್ಲಿ (ರೈನೋ 3ಡಿ ತಂತ್ರಾಂಶದೊಳಗೆ ಬ್ಲಾಕ್‌ಗಳನ್ನು ಜೋಡಿಸಿ ಆಕಾರ ಮಾಡುವ ಸಾಧನ) ಒಂದು ಗೋಪುರ ಮಾಡುತ್ತಿದ್ದೇನೆ. ಅದಕ್ಕೆ 5 ಮಹಡಿ, ಮಹಡಿಗೊಂದು ಷಟ್ಕೋನ ಬೇಕು. ರೇಂಜ್‌ನಿಂದ (ಒಂದು ವ್ಯಾಪ್ತಿಯನ್ನು ಸಮ ಭಾಗ ಮಾಡಿ ಸಂಖ್ಯೆಗಳನ್ನು ಕೊಡುವ ಬ್ಲಾಕ್) ಕೋನಗಳನ್ನು ತೆಗೆದು ಒಂದು ಸುತ್ತು ಪಾಯಿಂಟ್ ಮಾಡಿದೆ. ಅವನ್ನು ಗ್ರಾಫ್ಟ್ ಮಾಡಿ (ಒಂದೊಂದನ್ನೂ ಬೇರೆ ಪಟ್ಟಿಗೆ, ಅಂದರೆ ಬೇರೆ ಕೊಂಬೆಗೆ ಹಾಕಿ), ಮೂವ್ ಹಾಕಿ 5 ಎತ್ತರಕ್ಕೆ ಏರಿಸಿದೆ. ಆಮೇಲೆ ಫ್ಲಾಟನ್ ಮಾಡಿ ಪಾಲಿಲೈನ್‌ಗೆ ಕೊಟ್ಟರೆ ಒಂದೇ ಗೆರೆ ಮೇಲೆ ಕೆಳಗೆ ಓಡಾಡುತ್ತದೆ! ಕ್ಲೋಸ್ಡ್ ಅನ್ನು ಟ್ರೂ ಮಾಡಿದರೂ ಅದೇ ಕಥೆ. ಯಾರಾದರೂ ಈ ಹಳ್ಳಕ್ಕೆ ಬಿದ್ದು ಎದ್ದಿದ್ದೀರಾ?

ಮೊದಲ ಉತ್ತರ: ಬಿದ್ದಿದ್ದೇನೆ, ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ನಾನೂ ನಿಮ್ಮ ಹಾಗೆ ಕ್ಲೋಸ್ಡ್ ಗುಂಡಿಯನ್ನೇ ಒತ್ತುತ್ತಾ ಕೂತಿದ್ದೆ. ತಪ್ಪು ಅಲ್ಲಿರುವುದಿಲ್ಲ. ಪಾಲಿಲೈನ್ ಒಂದು ಪಟ್ಟಿಗೆ ಒಂದೇ ಗೆರೆ ಎಳೆಯುತ್ತದೆ. ಕ್ಲೋಸ್ಡ್ ಅಂದರೆ ಆ ಪಟ್ಟಿಯ ಕೊನೆಯ ಪಾಯಿಂಟ್ ಮೊದಲನೆಯದಕ್ಕೆ ಸೇರುತ್ತದೆ, ಅಷ್ಟೇ. ಫ್ಲಾಟನ್ ಮಾಡಿ ನೀವು ಎಲ್ಲವನ್ನೂ ಒಂದೇ ಪಟ್ಟಿಗೆ ಸುರಿದಿದ್ದೀರಿ. ಮಹಡಿ ಎಲ್ಲಿ ಮುಗಿಯಿತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಆದರೆ ಸುಮ್ನೆ ಫ್ಲಾಟನ್ ತೆಗೆದರೆ ಸಾಲದು. ಗ್ರಾಫ್ಟ್ ಮಾಡಿದ್ದು ಪಾಯಿಂಟ್‌ಗಳನ್ನು ಅಲ್ವಾ? ಹಾಗಾಗಿ ಮೂಲೆಗೊಂದು ಕೊಂಬೆ, ಅದರಲ್ಲಿ ಆ ಮೂಲೆಯ 5 ಎತ್ತರಗಳು. ಷಟ್ಕೋನದ ಬದಲು ಕಂಬಗಳು ಬರುತ್ತವೆ. ಪಾಯಿಂಟ್‌ಗಳ ಗ್ರಾಫ್ಟ್ ತೆಗೆದು, ಎತ್ತರದ ವೆಕ್ಟರ್‌ಗಳಿಗೆ (ಎಷ್ಟು ಮೇಲಕ್ಕೆ ಏರಿಸಬೇಕು ಅಂತ ಮೂವ್‌ಗೆ ಹೇಳುವವು) ಹಾಕಿ. ಆಗ ಮಹಡಿಗೊಂದು ಕೊಂಬೆ.

ಎರಡನೇ ಉತ್ತರ: ಫ್ಲಿಪ್ ಮ್ಯಾಟ್ರಿಕ್ಸ್ (ಕೊಂಬೆಗಳ ಅಡ್ಡ ಉದ್ದ ಸಾಲುಗಳನ್ನು ಅದಲುಬದಲು ಮಾಡುವ ಬ್ಲಾಕ್) ಹಾಕಿದರೂ ಕಂಬಗಳು ಮಹಡಿಗಳಾಗುತ್ತವೆ. ನಾನು ಅದನ್ನು ಜಾಸ್ತಿ ಬಳಸುವುದಿಲ್ಲ. ಹೆಣೆಯುವಾಗಲೇ ಸರಿ ಮಾಡಿದರೆ ಆರು ತಿಂಗಳ ನಂತರ ಫೈಲ್ ತೆರೆದಾಗಲೂ ಅರ್ಥವಾಗುತ್ತದೆ. ಪಾಲಿಲೈನ್‌ಗೆ ಮುಂಚೆ ಒಂದು ಪ್ಯಾರಾಮ್ ವ್ಯೂವರ್ ಇಟ್ಟುಕೊಳ್ಳಿ. ಎಷ್ಟು ಕೊಂಬೆ, ಒಂದೊಂದರಲ್ಲಿ ಎಷ್ಟು ಪಾಯಿಂಟ್ ಅಂತ ತೋರಿಸುತ್ತದೆ.

ಕೇಳಿದವರು: ಗ್ರಾಫ್ಟ್ ಜಾಗ ಬದಲಾಯಿಸಿದೆ, 5 ಷಟ್ಕೋನ ಬಂದವು! ಆದರೆ ವ್ಯೂವರ್ ಕೊಂಬೆಗೆ 7 ಪಾಯಿಂಟ್ ಅನ್ನುತ್ತಿದೆ. ಮೂಲೆ ಆರೇ ಅಲ್ವಾ?

ಮೊದಲ ಉತ್ತರದವರು: ಅದು ರೇಂಜ್‌ನ ಚಾಳಿ. 6 ಭಾಗ ಕೇಳಿದರೆ ಎರಡೂ ತುದಿ ಸೇರಿಸಿ 7 ಸಂಖ್ಯೆ ಕೊಡುತ್ತದೆ. 0 ಡಿಗ್ರಿ, 360 ಡಿಗ್ರಿ ಎರಡೂ ಒಂದೇ ಜಾಗ, ಹಾಗಾಗಿ ಒಂದರ ಮೇಲೊಂದು ಕೂತಿವೆ. ಕಲ್ ಇಂಡೆಕ್ಸ್‌ಗೆ (ಹೇಳಿದ ಸ್ಥಾನದ್ದನ್ನು ಪಟ್ಟಿಯಿಂದ ತೆಗೆಯುವ ಬ್ಲಾಕ್) -1, ಅಂದರೆ ಕೊನೆಯ ಸ್ಥಾನ, ಕೊಟ್ಟು ಕೊನೆಯದನ್ನು ಕಿತ್ತುಹಾಕಿ. ಕ್ಲೋಸ್ಡ್ ಟ್ರೂ ಆಗಿಯೇ ಇರಲಿ.

ಮೂರನೇ ಉತ್ತರ: ಮುಂದೆ ಎರಡು ಮಹಡಿಗಳ ನಡುವೆ ನಾಲ್ಕು ಮೂಲೆಯ ಗೋಡೆ ಎಳೆಯುವಾಗ ನನಗಾದದ್ದು ನಿಮಗೂ ಆಗಬಹುದು. ಕೆಳಗಿನ ಎರಡು ಪಾಯಿಂಟ್, ಮೇಲಿನ ಎರಡು ಪಾಯಿಂಟ್ ಹಾಗೇ ಮರ್ಜ್ ಮಾಡಿದೆ (ಒಂದೇ ಪಟ್ಟಿಗೆ ಸೇರಿಸಿದೆ). ಎಣಿಕೆ ಸರಿ, ಗೆರೆಯೂ ಮುಚ್ಚಿತ್ತು, ಆದರೆ ಆಕಾರ ಚಿಟ್ಟೆಯ ಹಾಗೆ ನಡುವೆ ತಿರುಚಿಕೊಂಡಿತು! ಎರಡೂ ಜೋಡಿ ಎಡದಿಂದ ಬಲಕ್ಕೇ ಹೋಗುತ್ತಿದ್ದವು. ಮೇಲಿನ ಜೋಡಿಗೆ ರಿವರ್ಸ್ ಲಿಸ್ಟ್ ಹಾಕಿ ಕ್ರಮ ತಿರುಗಿಸಿ ಆಮೇಲೆ ಮರ್ಜ್ ಮಾಡಿದೆ, ಚಿಟ್ಟೆ ಹಾರಿಹೋಯಿತು.